ಹತ್ತು ಹುಳುಗಳ ತಟ್ಟೆ

ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದ ವರ್ಷ, ದಿಬ್ಬೂರಹಳ್ಳಿ ಕಡೆಯ ನಮ್ಮೂರಿಂದ ಶಿಡ್ಲಘಟ್ಟಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಊರಿನ ಅಂಗಡಿಗೆ ಕಾಯಿನ್ ಬಾಕ್ಸ್ ಫೋನು ಬಂದಿದ್ದ ಕಾಲ ಅದು. ಪಾಠ ಹೇಳುತ್ತಿದ್ದವರು ರಿಟೈರಾದ ಮೇಡಂ ಒಬ್ಬರು. ಆ ವಾರ ಅವರು ಹಿಡಿದದ್ದು ಸಿಂಪಲ್ ಪಾಸ್ಟ್ ಮತ್ತು ಪಾಸ್ಟ್ ಪರ್ಫೆಕ್ಟ್. ಎರಡು ಕೆಲಸ ನಡೆದಿದ್ದರೆ ಮೊದಲು ನಡೆದದ್ದಕ್ಕೆ 'ಹ್ಯಾಡ್' ಹಾಕಬೇಕು, ಆಮೇಲಿನದಕ್ಕೆ ಬೇಡ. ಇಷ್ಟೇ ವಿಷಯ. ಆದರೆ ಅವರ ಉದಾಹರಣೆಗಳಲ್ಲಿ ಡಾಕ್ಟರು ಬರುವ ಹೊತ್ತಿಗೆ ರೋಗಿ ಸತ್ತಿರುತ್ತಿದ್ದ, ನಾವು ಓಡಿ ಹೋಗುವ ಹೊತ್ತಿಗೆ ಬಸ್ಸು ಹೊರಟಿರುತ್ತಿತ್ತು. ಕೇಳಿ ಕೇಳಿ ಯಾವುದು ಮೊದಲು ಎಂಬುದೇ ನನಗೆ ಕಲಸಿಹೋಗುತ್ತಿತ್ತು.

"ಗಾಬರಿ ಬೀಳ್ಬೇಡಮ್ಮ. ಯಾವ್ದು ಮೊದ್ಲು ಆಯ್ತು, ಅದನ್ನ ಮಾತ್ರ ನೋಡು" ಎನ್ನುತ್ತಿದ್ದರು. ನಾನು ಎರಡಕ್ಕೂ ಹ್ಯಾಡ್ ಹಾಕಿಬಿಡುತ್ತಿದ್ದೆ. ಒಂದಾದರೂ ಸರಿ ಇರುತ್ತದಲ್ಲ!

ಮನೆಯಲ್ಲಿ ಆಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಇನ್ನೊಂದು ವಾರ ಹೊಟ್ಟೆ ತುಂಬ ತಿಂದರೆ ಗೂಡು ಕಟ್ಟುತ್ತದೆ, ಇಲ್ಲದಿದ್ದರೆ ಮನೆಮಂದಿಯ ದುಡಿಮೆಯೆಲ್ಲ ತಿಪ್ಪೆಗೆ. ಸೊಪ್ಪು ತರುವ ಕೆಲಸ ಸರದಿಯ ಮೇಲೆ ನನ್ನದು, ತಂಗಿಯದು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ದೊಡ್ಡಪ್ಪನ ದ್ರಾಕ್ಷಿ ತೋಟ. ಅಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಸೊಪ್ಪಿನ ಮೇಲೆ ಕೂತರೆ, ತಿಂದ ಹುಳು ಹಸಿರು ಕಕ್ಕಿ ಸಾಯುತ್ತದೆ. ಅದಕ್ಕೇ ಅನುಮಾನದ ಸೊಪ್ಪನ್ನು ಅಮ್ಮ ಮೊದಲು ಬೇರೆ ತಟ್ಟೆಯಲ್ಲಿ ಹತ್ತು ಹುಳುಗಳಿಗೆ ಹಾಕಿ, ಒಂದು ಹೊತ್ತು ಕಾದು ನೋಡುತ್ತಿದ್ದಳು.

ಆ ಬೆಳಿಗ್ಗೆ ಹೋಂವರ್ಕಿನ ವಾಕ್ಯಗಳನ್ನು ಗೊಣಗುತ್ತಲೇ ಸೊಪ್ಪು ಕೊಯ್ದೆ. ಹೊರೆ ಕಟ್ಟಿ ತಲೆಯೆತ್ತಿದರೆ ದ್ರಾಕ್ಷಿ ಸಾಲಿನಲ್ಲಿ ದೊಡ್ಡಪ್ಪ, ಬೆನ್ನ ಮೇಲೆ ಔಷಧಿ ಕ್ಯಾನು. ಯಾವಾಗ ಬಂದರು? ಹೊಡೆದಾಗಿದೆಯೋ, ಇನ್ನು ಮೇಲೆ ಹೊಡೆಯುತ್ತಾರೋ? ಕೂಗಿ ಕೇಳಿದ್ದರೆ ಮುಗಿಯುತ್ತಿತ್ತು. ಬಸ್ಸಿನ ಚಿಂತೆಯಲ್ಲಿ ಕೇಳದೆ ಬಂದೆ.

ಬಾಗಿಲಲ್ಲೇ ಅಮ್ಮ ಕೇಳಿದಳು: "ದೊಡ್ಡಪ್ಪ ಇವತ್ತು ಔಷಧಿ ಹೊಡೀತೀನಿ ಅಂದಿದ್ರು. ನೀನು ಕೊಯ್ದಿದ್ದು ಮೊದ್ಲೋ, ಅವ್ರು ಹೊಡೆದಿದ್ದು ಮೊದ್ಲೋ?"

"ನಾನೇ ಮೊದ್ಲು ಕಣಮ್ಮ. ನಾನು ಕೊಯ್ದು ಮುಗಿಸಿದ್ಮೇಲೆ ಅವ್ರು ಬಂದ್ರು."

ವಾರವಿಡೀ ಹಾಳೆಯ ಮೇಲೆ ತೀರ್ಮಾನಿಸಲಾಗದವಳು ಒಂದೇ ಉಸಿರಿಗೆ ತೀರ್ಪು ಕೊಟ್ಟುಬಿಟ್ಟೆ. ಬೈಗುಳದ ಭಯ, ಅಷ್ಟೇ. "ಹಂಗಾದ್ರೆ ಸರಿ" ಎಂದು ಅಮ್ಮ ಹತ್ತು ಹುಳುಗಳ ತಟ್ಟೆಯನ್ನು ಮುಟ್ಟದೆ ನೇರವಾಗಿ ಹುಳು ಸಾಕುವ ಅಂತಸ್ತಿನ ಸ್ಟ್ಯಾಂಡಿಗೆ ಸೊಪ್ಪು ಹರವತೊಡಗಿದಳು. ಹುಳುಗಳು ಮೇಲೆ ಹತ್ತಿ ಚರಚರ ಮೇಯತೊಡಗಿದವು. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದೆ. ಕಾಲು ಬಸ್‌ಸ್ಟಾಪಿನ ಕಡೆ ಏಳಲಿಲ್ಲ. ಎರಡನೇ ಅಂತಸ್ತಿಗೆ ಅವಳು ಕೈ ಚಾಚಿದಾಗ ತಡೆಯಲಾಗಲಿಲ್ಲ.

"ಅಮ್ಮ, ನಂಗೆ ಗೊತ್ತಿಲ್ಲ. ನಾನು ನೋಡ್ಲೇ ಇಲ್ಲ."

ಅವಳು ಬೈಯಲಿಲ್ಲ. ನನ್ನನ್ನೊಮ್ಮೆ ನೋಡಿ, ಹಾಕಿದ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚತೊಡಗಿದಳು. ಎಲೆಗೆ ಕಚ್ಚಿಕೊಂಡ ಹುಳುಗಳನ್ನು ನಾನು ಒಂದೊಂದಾಗಿ ಬಿಡಿಸಿದೆ. ಎಲ್ಲ ಬಿಡಿಸಿ, ದೊಡ್ಡಪ್ಪನನ್ನೇ ಕೇಳೋಣವೆಂದು ಓಡುವ ಹೊತ್ತಿಗೆ ಅವರು ಕೆಲಸ ಮುಗಿಸಿ ಚಿಂತಾಮಣಿಗೆ ಹೊರಟುಹೋಗಿದ್ದರು.

ಹತ್ತು ಹುಳುಗಳನ್ನು ತಟ್ಟೆಗೆ ಹಾಕಿ ಎದುರಿಗೆ ಕೂತೆ. ಒಂದು ತಲೆಯೆತ್ತಿದರೂ ಕಕ್ಕಿತೇನೋ ಎಂದು ಬಗ್ಗಿ ನೋಡುತ್ತಿದ್ದೆ. ಸ್ಟ್ಯಾಂಡಿನಲ್ಲಿ ಹಸಿದ ಹುಳುಗಳು ಬರಿದಾದ ದಂಟುಗಳ ಮೇಲೆ ತಡಕಾಡುತ್ತಿದ್ದವು. ಅತ್ತ ನೋಡಲು ಧೈರ್ಯವಿರಲಿಲ್ಲ. ಮಧ್ಯಾಹ್ನದವರೆಗೂ ಅಮ್ಮ ಅವಕ್ಕೆ ಒಂದು ಎಲೆಯನ್ನೂ ಹಾಕಲಿಲ್ಲ.

ಹತ್ತೂ ಚೆನ್ನಾಗಿ ತಿಂದವು. ಒಂದೂ ಕಕ್ಕಲಿಲ್ಲ. ಸಂಜೆ ದೊಡ್ಡಪ್ಪ ಬಂದು, "ಆ ಹುಡ್ಗಿ ಹೊರೆ ಎತ್ಕೊಂಡು ಹೋಗೋವರ್ಗೂ ಕಾದೆ ಕಣಮ್ಮ, ಆಮೇಲೇ ಹೊಡೆದಿದ್ದು" ಎಂದರು. ನಾನು ಹೇಳಿದ ಸುಳ್ಳು ನಿಜವೇ ಆಗಿತ್ತು. ಖುಷಿಯಾಯಿತು, ಅಮ್ಮನ ಮುಖ ನೋಡಿದೆ. ಅವಳು ತಟ್ಟೆ ತೊಳೆಯುತ್ತಿದ್ದಳು.

ಗೂಡು ಚೆನ್ನಾಗಿ ಬಂತು. ಮರುಪರೀಕ್ಷೆಯಲ್ಲಿ ನಾನೂ ಪಾಸಾದೆ. ಆದರೆ ಅಂದಿನಿಂದ ನನ್ನ ಮದುವೆಯಾಗುವವರೆಗೂ, ತಂಗಿ ತಂದ ಸೊಪ್ಪು ನೇರವಾಗಿ ಸ್ಟ್ಯಾಂಡಿಗೆ ಹೋಗುತ್ತಿತ್ತು, ನಾನು ತಂದದ್ದು ಮೊದಲು ಹತ್ತು ಹುಳುಗಳ ತಟ್ಟೆಗೆ.