ಮಿಲ್ ಲೆಕ್ಕದ ಅಕ್ಕ

ಗಡಿಯಾಚೆ, ಮರಾಠಿ ಸೀಮೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಹೊಲದ ಪಂಪನ್ನು ಮೊಬೈಲಿನಿಂದಲೇ ಶುರು ಮಾಡುವ ಪೆಟ್ಟಿಗೆಗಳು ತಯಾರಾಗುತ್ತವೆ. ಅದರೊಳಗಿನ ಸರ್ಕ್ಯೂಟ್ ಬೋರ್ಡುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವವರು ಇಬ್ಬರೇ. ವಳಸಂಗದಿಂದ ದಿನಾ ಬಸ್ಸು ಹತ್ತಿ ಬರುವ ನಾನು, ಮತ್ತು ನನಗಿಂತ ಬಹಳ ಹಿರಿಯಳಾದ ಮಂಗಳವೇಢೆ ಕಡೆಯ ಒಬ್ಬಾಕೆ. ಮೊದಲ ದಿನದಿಂದಲೂ ನಾನು ಆಕೆಯನ್ನು ಅಕ್ಕಾ ಎಂದೇ ಕರೆದೆ.

ಅಕ್ಕನ ಮಾತಿಗೆ ಎಲ್ಲರೂ ಹೆದರುತ್ತಿದ್ದರು. ಬೈಯುವಾಗ ಮರಾಠಿ, ಊಟಕ್ಕೆ ಕರೆಯುವಾಗ ಕನ್ನಡ. ಆಕೆಯ ಅಳತೆಯೆಲ್ಲ ಮಿಲ್‌ನಲ್ಲಿ. ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ನಾನು ಕಲಿತದ್ದು ಮಿಲಿಮೀಟರ್. ಆಕೆ ಹೇಳಿದ್ದನ್ನು ನಾನು ಮನಸ್ಸಿನಲ್ಲೇ ಗುಣಿಸುವಷ್ಟರಲ್ಲಿ ಆಕೆ ಮುಂದಿನ ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದಳು.

ಒಮ್ಮೆ ಪ್ಲಾಸ್ಟಿಕ್ ಪೆಟ್ಟಿಗೆ ಮಾಡಿಕೊಡುವ ಹೊಸ ಕಂಪನಿಯವರು ಎಲ್ಲ ಅಳತೆ ಮಿಲಿಮೀಟರಿನಲ್ಲೇ ಬೇಕೆಂದರು. ಹಳೆಯ ಫೈಲನ್ನು ಅಕ್ಕ ತಾನೇ ಕೂತು ಬದಲಿಸಿದಳು. ಮಾಲೀಕರಿಗೆ ಅವಸರ, ಅಂದೇ ಸಂಜೆ ಅದನ್ನು ಬೋರ್ಡು ಮಾಡುವವರಿಗೆ ಕಳಿಸಿಬಿಟ್ಟರು.

ಮರುದಿನ ಬೆಳಿಗ್ಗೆ ರೂಢಿಯಂತೆ ನಾನು ನಕ್ಷೆಯನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಇಳಿಸಿ, ರಟ್ಟಿಗೆ ಅಂಟಿಸಿ, ವೈರು ಜೋಡಿಸುವ ಉದ್ದನೆಯ ಪಟ್ಟಿಯನ್ನು ಅದರ ಮೇಲೆ ಒತ್ತಿ ನೋಡಿದೆ. ಪಟ್ಟಿಯ ಮೊದಲ ಲೋಹದ ಕಾಲುಗಳು ಸರಿಯಾಗಿ ತೂತಿನ ಗುರುತಿನ ಚುಕ್ಕೆಯ ಮೇಲೇ ಕೂತವು. ಮುಂದೆ ಹೋದಂತೆ ಸರಿಯುತ್ತ ಹೋಗಿ, ಕೊನೆಯ ಕಾಲು ಚುಕ್ಕೆಯ ಆಚೆಗೇ ಬಿತ್ತು. ಪ್ರಿಂಟರಿನ ಮೇಲೆ ಅನುಮಾನ ಬಂದು ಸ್ಕೇಲು ಹಿಡಿದು ಕಾಗದವನ್ನು ಅಳೆದೆ. ಪ್ರಿಂಟರಿನದೇನೂ ತಪ್ಪಿರಲಿಲ್ಲ. ಫೈಲೇ ತಪ್ಪಿತ್ತು.

ಅಕ್ಕನ ಫೈಲು ತಪ್ಪಿದೆ ಎಂದು ಅಕ್ಕನಿಗೆ ಹೇಳುವುದು ಹೇಗೆ? ನೀರು ಕುಡಿದು ಬಂದೆ. ಸುಮ್ಮನೆ ಕಾಗದಗಳನ್ನು ಜೋಡಿಸಿಟ್ಟೆ. ಕಡೆಗೆ ರಟ್ಟನ್ನು ಆಕೆಯ ಮೇಜಿನ ಮೇಲಿಟ್ಟು, ಕಾಲು ಕೂರುತ್ತಿಲ್ಲವೆಂದು ಮೆಲ್ಲಗೆ ಹೇಳಿದೆ.

ಆಕೆ ಕನ್ನಡಕ ಹಣೆಗೇರಿಸಿ ತಾನೇ ಒತ್ತಿ ನೋಡಿದಳು. ಆಮೇಲೆ ಫೈಲು ತೆರೆದು ಎರಡು ಚುಕ್ಕೆಗಳ ನಡುವಿನ ಅಂತರ ನೋಡಿದಳು. ಅಲ್ಲಿ ಎರಡೂವರೆ ಮಿಲಿಮೀಟರ್ ಎಂದಿತ್ತು. ಹಳೆಯ ಫೈಲಿನಲ್ಲಿದ್ದ ನೂರು ಮಿಲ್ ಅಂದರೆ ನಿಜವಾಗಿ ಎರಡು ಪಾಯಿಂಟ್ ಐದು ನಾಲ್ಕು ಮಿಲಿಮೀಟರ್. ಅಳತೆ ಬದಲಿಸುವಾಗ ದಶಾಂಶದ ಒಂದೇ ಅಂಕಿ ಉಳಿಸುವಂತೆ ಆರಿಸಿದ್ದರಿಂದ ಕೊನೆಯ ನಾಲ್ಕು ಹಾರಿಹೋಗಿತ್ತು. ಒಂದು ಕಾಲಿಗೆ ಅದು ಕೂದಲೆಳೆಯಷ್ಟೇ. ಸಾಲಿನ ತುದಿಗೆ ಮುಟ್ಟುವಷ್ಟರಲ್ಲಿ ಎಲ್ಲ ಕೂಡಿ ದೊಡ್ಡದಾಗಿತ್ತು.

ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅಕ್ಕ ನನ್ನ ಮುಖ ನೋಡಿ ಕೇಳಿದಳು:

"ಯಾವಾಗ ನೋಡಿದಿ ಇದನ್ನ?"

"ಮುಂಜಾನಿ, ಅಕ್ಕಾ."

"ಮತ್ತ ಇಷ್ಟೊತ್ತು ಯಾಕ ಹೇಳಲಿಲ್ಲ? ನನಗ ಹೆದರಿದೇನು?"

ಆಕೆ ರಟ್ಟನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ನೆಟ್ಟಗೆ ಮಾಲೀಕರ ಕೋಣೆಗೆ ನಡೆದಳು. ಅಲ್ಲಿ ಕೂರದೆಯೇ ಹೇಳಿದಳು:

"ಸಾಹೇಬ್ರ, ಬೋರ್ಡಿನ ಕೆಲಸ ಥಾಂಬಿಸ್ರಿ. ಚೂಕ್ ನಂದು ಅದ. ತಪ್ಪು ಹಿಡದಾಕಿ ಈಕಿ."

ಮಾಲೀಕರು ಕೂಡಲೇ ಬೋರ್ಡು ಮಾಡುವವರಿಗೆ ಫೋನು ಮಾಡಿ ಕೆಲಸ ನಿಲ್ಲಿಸಲು ಹೇಳಿದರು. ಪುಣ್ಯಕ್ಕೆ ಬೋರ್ಡು ಕೊರೆಯುವ ಕೆಲಸ ಇನ್ನೂ ಶುರುವಾಗಿರಲಿಲ್ಲ.

ಅಂದು ಇಡೀ ಮಧ್ಯಾಹ್ನ ಇಬ್ಬರೂ ಒಂದೇ ಪರದೆಯ ಮುಂದೆ ಕೂತೆವು. ಹಳೆಯ ಫೈಲನ್ನು ಮತ್ತೆ ತೆರೆದು, ಒಂದಂಕಿಯನ್ನೂ ಕಡಿಯದೆ ಬದಲಿಸಿದೆವು. ಅಂಚಿನ ಅಳತೆಯನ್ನು ಮಾತ್ರ ಪೆಟ್ಟಿಗೆಗೆ ಹೊಂದುವಂತೆ ಪೂರ್ಣ ಸಂಖ್ಯೆಗೆ ತಂದೆವು. ನಡುವೆ ಆಕೆ ತನ್ನ ಡಬ್ಬಿಯ ಕಡಕ್ ಭಾಕ್ರಿ ಎಂಬ ಗರಿಗರಿ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. ಭಾಕ್ರಿಯ ಚೂರು ಕೀಬೋರ್ಡಿನೊಳಗೆ ಬಿದ್ದದ್ದಕ್ಕೆ ಮಾತ್ರ ಮರಾಠಿಯಲ್ಲಿ ಬೈದಳು. ನನಗೆ ನಗು ತಡೆಯಲಾಗಲಿಲ್ಲ; ಆಕೆಗೂ.

ಹೊಸ ಬೋರ್ಡು ಬಂದಾಗ ಪಟ್ಟಿಯನ್ನು ನನ್ನ ಕೈಯಿಂದಲೇ ಒತ್ತಿಸಬೇಕೆಂದು ಅಕ್ಕ ಹಟ ಹಿಡಿದಳು. ಎಲ್ಲ ಕಾಲುಗಳೂ ಒಂದೇ ಸಲಕ್ಕೆ ತೂತುಗಳಿಗೆ ಇಳಿದವು. ಈಗಲೂ ಅಕ್ಕ ತನ್ನ ಪ್ರತಿ ಫೈಲನ್ನೂ ನನಗೆ ತೋರಿಸದೆ ಹೊರಗೆ ಕಳಿಸುವುದಿಲ್ಲ, ನಾನು ನೋಡಿ ಮುಗಿಸುವ ತನಕ ಚಹಾಕ್ಕೂ ಏಳುವುದಿಲ್ಲ.