ಹನ್ನೊಂದು ಸಾವಿರ ಮಡಕೆ ಬರೆದ ಕೈ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ಪೂರ್ವದ ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮುಂದೆ ಚುಕ್ಕಿಯಮ್ಮ ಕೂತಿದ್ದಾರೆ. ಬಲಗೈ ಮಣಿಕಟ್ಟಿಗೆ ಪಟ್ಟಿ, ಮೂಗಿನ ಮೇಲೆ ದಪ್ಪ ಕನ್ನಡಕ, ಎಡಗೈಯಲ್ಲಿ ಭೂತಗನ್ನಡಿ. ಎದುರಿಗೆ ಮರಳು ತುಂಬಿದ ಬಟ್ಟೆ ಚೀಲಕ್ಕೆ ಒರಗಿಕೊಂಡ ಒಂದು ಮಡಕೆ. ಮಡಕೆಗೆ ವಯಸ್ಸು ಆರು ಸಾವಿರ ವರ್ಷ, ಚುಕ್ಕಿಯಮ್ಮನಿಗೆ ಐವತ್ತೊಂಬತ್ತು. ಇಬ್ಬರಲ್ಲಿ ಹೆಚ್ಚು ದಣಿದವರು ಯಾರೆಂದು ನೋಡಿದವರು ಥಟ್ಟನೆ ಹೇಳಲಾರರು.

"ಬಿಸಿಲು ಮೇಲೆ ಬಂತು ಅಂದ್ರೆ ಮಡಕೆ ಬಾಯಿ ಮುಚ್ಕೊಂಡ್ಬಿಡತ್ತೆ. ಹೀಗೆ ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಏನೋ ಸ್ವಲ್ಪ ಹೇಳತ್ತೆ. ಅದಕ್ಕೇ ಇಷ್ಟು ಬೇಗ ಬರೋದು. ಬೆಳಗ್ಗೆ ಏಳೋದಂದ್ರೆ ನಂಗೇನೂ ಇಷ್ಟ ಇಲ್ಲ" ಎನ್ನುತ್ತಾರೆ ಅವರು.

ಕೆಳಗಿನ ದೊಡ್ಡ ಸಭಾಂಗಣದಲ್ಲಿ ಪೂರ್ವ ಏಷ್ಯಾದ ಪುರಾತತ್ತ್ವ ಕುರಿತ ಅಂತರರಾಷ್ಟ್ರೀಯ ವಿದ್ವತ್ ಸಮ್ಮೇಳನ ನಡೆಯುತ್ತಿದೆ. ಇವತ್ತು ಎರಡನೇ ದಿನ. ಹತ್ತೊಂಬತ್ತು ದೇಶ, ಇನ್ನೂರ ನಲವತ್ತು ವಿದ್ವಾಂಸರು, ಎಲ್ಲರ ಕೊರಳಲ್ಲೂ ನೀಲಿ ದಾರದ ಗುರುತುಚೀಟಿ. ಅವರು ನೋಡಲೆಂದು ಅರವತ್ತಮೂರು ಮಡಕೆಗಳು ದೂರದ ಗೋದಾಮುಗಳಿಂದ ಎರವಲು ಬಂದಿವೆ. ಒಂಬತ್ತು ಗಂಟೆಗೆ ಅವು ಗಾಜಿನ ಪೆಟ್ಟಿಗೆ ಸೇರಬೇಕು, ನಾಲ್ಕು ದಿನ ಕಳೆದರೆ ಊರಿಗೆ ವಾಪಸು. ನಡುವೆ ಸಿಗುವ ಬೆಳಗಿನ ಹೊತ್ತಿನಲ್ಲಿ, ಸಮ್ಮೇಳನದ ಪುಸ್ತಕಕ್ಕೆಂದು ಇಪ್ಪತ್ತನಾಲ್ಕು ಮಡಕೆಗಳ ಅಳತೆ, ಗೆರೆ ಮುಗಿಯಬೇಕು, ಉಳಿದದ್ದು ಆಮೇಲೆ. ಆ ಕೆಲಸ ಚುಕ್ಕಿಯಮ್ಮನದು.

ಕ್ಯಾಮೆರಾ ಇರುವಾಗ ಚಿತ್ರ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅವರು ಬೇಸರವಿಲ್ಲದೆ ಉತ್ತರ ಹೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. "ಫೋಟೋ ನೆರಳನ್ನೂ ಹೇಳತ್ತೆ, ಕೊಳೇನೂ ಹೇಳತ್ತೆ. ನಾನು ಬೇಕಾದ್ದು ಮಾತ್ರ ಹೇಳ್ತೀನಿ. ಎಡಗಡೆ ಅರ್ಧದಲ್ಲಿ ಗೋಡೆ ಎಷ್ಟು ದಪ್ಪ, ಒಳಗೆ ಹೇಗಿದೆ ಅಂತ. ಬಲಗಡೆ ಅರ್ಧದಲ್ಲಿ ಮುಖ." ಗೆರೆ ಮೊದಲು, ನಂತರ ಚುಕ್ಕಿ. ಉಬ್ಬಿದ ಕಡೆ ವಿರಳ, ತಗ್ಗಿದ ಕಡೆ ಒತ್ತು. ಒಂದು ಸಣ್ಣ ಚೂರಿಗೆ ನಾಲ್ಕು ಗಂಟೆ ಬೇಕು, ಇಡೀ ಮಡಕೆಗೆ ಎರಡು ದಿನ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಆರೇಳು ನೂರು ಚುಕ್ಕಿ ಕೂರುತ್ತವೆ. ಮೂವತ್ತೊಂದು ವರ್ಷದಲ್ಲಿ ಹನ್ನೊಂದು ಸಾವಿರದ ನಾನೂರು ಚಿತ್ರಗಳಾಗಿವೆ. ಚುಕ್ಕಿಗಳ ಲೆಕ್ಕ ಯಾರೂ ಇಟ್ಟಿಲ್ಲ, ಅಡ್ಡಹೆಸರು ಮಾತ್ರ ಅಂಟಿಕೊಂಡಿದೆ.

ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರ ಮಗಳು ಅವರು. ಅಕ್ಷರದ ಅಂಚು ಅಲುಗಾಡದಂತೆ ಉಸಿರು ಬಿಗಿಹಿಡಿಯುವುದನ್ನು ಅಪ್ಪನೇ ಕಲಿಸಿದ್ದು. ಮೂರು ತಿಂಗಳ ಮಟ್ಟಿಗೆಂದು ಈ ಸಂಸ್ಥೆಗೆ ಬಂದರು. ಆ ಮೂರು ತಿಂಗಳು ಮೂವತ್ತೊಂದು ವರ್ಷವಾಗಿ ಮುಗಿಯುವ ಹೊತ್ತಿಗೆ ಕನ್ನಡಕದ ನಂಬರು ಐದು ಸಲ ಏರಿದೆ, ಕತ್ತು ಬಲಕ್ಕೆ ಪೂರ್ತಿ ತಿರುಗುವುದಿಲ್ಲ, ಹೆಬ್ಬೆರಳು ಬೆಳಗ್ಗೆ ಎದ್ದಾಗ ತನ್ನದಲ್ಲ ಎನ್ನುವ ಹಾಗಿರುತ್ತದೆ. ನಿವೃತ್ತಿಗೆ ಇನ್ನು ನಾಲ್ಕೂವರೆ ತಿಂಗಳಿದೆ. ಅವರು ಬರೆದ ಚಿತ್ರಗಳು ಎಷ್ಟೋ ಭಾಷೆಯ ಪುಸ್ತಕಗಳಲ್ಲಿವೆ. ಅಡಿಯಲ್ಲಿ ಎಲ್ಲ ಕಡೆಯೂ ಒಂದೇ ಸಾಲು: 'ಸಂಸ್ಥೆಯ ಸಂಗ್ರಹದಿಂದ'. ಇದರ ಬಗ್ಗೆ ಅವರಿಗೆ ದೂರಿಲ್ಲ. ದೂರಲು ಪುರಸೊತ್ತೂ ಇರಲಿಲ್ಲ.

ಆದರೆ ಈ ಬೆಳಗ್ಗೆ ಪೆನ್ನು ಮುಂದೆ ಹೋಗುತ್ತಿಲ್ಲ. ಎದುರಿಗಿರುವ ಮಡಕೆ ಅವರಿಗೆ ಹಳೆಯ ಪರಿಚಯ. ಹದಿನೆಂಟು ವರ್ಷದ ಹಿಂದೆ ಒಂದು ವಾರದ ಮಟ್ಟಿಗೆ ಇಲ್ಲಿಗೆ ಬಂದಿತ್ತು, ಆಗಲೂ ಬರೆದದ್ದು ಅವರೇ. ಅಳತೆ ತಾಳೆ ನೋಡಲೆಂದು ಹಳೆಯ ಪುಸ್ತಕ ತೆರೆದಿಟ್ಟಿದ್ದಾರೆ. ಮಡಕೆಯ ಮೈತುಂಬ ಸಾಲು ಸಾಲು ಸಣ್ಣ ಗುರುತುಗಳಿವೆ. ಪುಸ್ತಕದಲ್ಲಿ ಅವು ಎಡಕ್ಕೆ ವಾಲಿವೆ, ಮಡಕೆಯ ಮೇಲೆ ಬಲಕ್ಕೆ.

ಮೊದಲು ಪುಸ್ತಕದವರು ಚಿತ್ರವನ್ನು ತಿರುಗುಮುರುಗಾಗಿ ಅಚ್ಚು ಹಾಕಿರಬೇಕು ಎಂದುಕೊಂಡರು. ಆದರೆ ಬಾಯಂಚಿನ ಮುಕ್ಕು ಇರಬೇಕಾದ ಕಡೆಯೇ ಇದೆ. ಬೇರೆ ಮಡಕೆ ಕಳಿಸಿದ್ದಾರೆಯೇ ಎಂದು ತಳದ ಸಂಖ್ಯೆ ನೋಡಿದರು, ಅದೇ ಸಂಖ್ಯೆ. ಆಮೇಲೆ ಒಂದು ಹಳೆಯ ಸಂಜೆ ನೆನಪಾಯಿತು, ಪೆನ್ನು ಕೆಳಗಿಟ್ಟರು.

ಆ ಕಾಲದ ಕುಂಬಾರರು ಹಸಿ ಮಡಕೆಯ ಮೇಲೆ ಹುರಿಹಗ್ಗವನ್ನು ಒತ್ತಿ ಉರುಳಿಸುತ್ತಿದ್ದರು. ಹಗ್ಗ ಒತ್ತಿದ ಕಡೆ ಅದರ ಎಳೆಗಳ ಗುರುತು ತಿರುವುಮುರುವಾಗಿ ಉಳಿಯುತ್ತದೆ. ಹಗ್ಗ ಹೇಗಿತ್ತೆಂದು ತಿಳಿಯಬೇಕಾದರೆ ಮೆತ್ತನೆಯ ಜೇಡಿಮಣ್ಣನ್ನು ಗುರುತಿನ ಮೇಲೆ ಒತ್ತಿ ಎತ್ತಬೇಕು. ಜೇಡಿಯಲ್ಲಿ ಹಗ್ಗ ಮತ್ತೆ ಮೂಡುತ್ತದೆ, ಆದರೆ ಮಡಕೆಯ ಮೇಲಿನ ಗುರುತಿಗೆ ಹೋಲಿಸಿದರೆ ಎಡ ಬಲವಾಗಿ, ಬಲ ಎಡವಾಗಿ. ಜೇಡಿ ನೋಡಿ ಬರೆಯುವವರು ಎಲ್ಲವನ್ನೂ ಮಗುಚಿ ಬರೆಯಬೇಕು. ಈ ಕೆಲಸದ ಮೊದಲ ವಾರದಲ್ಲೇ ಕಲಿಯುವ ಪಾಠ ಇದು.

ಹದಿನೆಂಟು ವರ್ಷದ ಹಿಂದಿನ ಆ ಸಂಜೆ ಮನೆಯಲ್ಲಿ ನಾಲ್ಕು ವರ್ಷದ ಮಗಳಿಗೆ ಮೈತುಂಬ ಸೀತಾಳೆ ಸಿಡುಬಿನ ಗುಳ್ಳೆ, ಮೂರು ದಿನದ ಜ್ವರ. ಮರುದಿನ ಮಡಕೆ ವಾಪಸು ಹೋಗುವುದಿತ್ತು. ಅಳತೆ, ಅಂಚು, ದಪ್ಪ ಎಲ್ಲ ಮುಗಿದು ಹಗ್ಗದ ಗುರುತು ಮಾತ್ರ ಉಳಿದಿತ್ತು. ಜೇಡಿಯಲ್ಲಿ ಅಚ್ಚು ತೆಗೆದು, ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಓಡಿದರು. ಅಡುಗೆಮನೆಯ ಮೇಜಿನ ಮೇಲೆ, ಒಂದು ಕೈಯಲ್ಲಿ ಮಗಳ ಹಣೆಯ ಒದ್ದೆ ಬಟ್ಟೆ ಬದಲಿಸುತ್ತ, ಇನ್ನೊಂದು ಕೈಯಲ್ಲಿ ಚುಕ್ಕಿ ಇಟ್ಟರು. ಮಗುಚುವುದು ಮರೆತೇ ಹೋಯಿತು.

"ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರ್ದಿರ್ಲಿಲ್ಲ. ಅದೇ ನೋಡಿ ಬೇಜಾರು" ಎನ್ನುತ್ತಾರೆ.

ಯಾರೂ ನೋಡದ ಪುಸ್ತಕವಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರುದಿನ ಹನ್ನೊಂದು ಗಂಟೆಗೆ ಸಮ್ಮೇಳನದ ಮುಖ್ಯ ಉಪನ್ಯಾಸ ಇದೇ ಮಡಕೆಯ ಮೇಲೆ. ಪೂರ್ವ ಏಷ್ಯಾದ ದ್ವೀಪಗಳ ಮಡಕೆಗಳಲ್ಲಿ ಗುರುತು ಎಡಕ್ಕೆ ವಾಲುತ್ತದೆ, ಎದುರು ಕರಾವಳಿಯಲ್ಲಿ ಬಲಕ್ಕೆ. ಕರಾವಳಿಯಲ್ಲಿ ಸಿಕ್ಕಿದ ಎಡವಾಲಿನ ಮಡಕೆ ಇದೊಂದೇ. ಅಂದರೆ ಆರು ಸಾವಿರ ವರ್ಷದ ಹಿಂದೆ ದ್ವೀಪದ ಒಬ್ಬ ಹೆಂಗಸು ಸಮುದ್ರ ದಾಟಿ ಬಂದು, ಈಚೆ ದಡದಲ್ಲಿ ಕೂತು, ತನ್ನ ತವರಿನ ಹಗ್ಗದಿಂದ ಇದನ್ನು ಮಾಡಿದ್ದಾಳೆ. ಹೀಗೆಂದು ಆ ಉಪನ್ಯಾಸ ಕೊಡಲಿರುವ ಪ್ರೊಫೆಸರಮ್ಮ ಒಂಬತ್ತು ವರ್ಷದಿಂದ ವಾದಿಸುತ್ತ ಬಂದಿದ್ದಾರೆ. ಮಡಕೆ ಗೋದಾಮಿನ ಪೆಟ್ಟಿಗೆಯಲ್ಲಿತ್ತು, ಅವರ ಕೈಗೆ ಸಿಕ್ಕಿದ್ದು ಚಿತ್ರ ಮಾತ್ರ. ಗಾಜಿನ ಪೆಟ್ಟಿಗೆಯ ನೆತ್ತಿಬೆಳಕಿನಲ್ಲಿ ಸವೆದ ಗುರುತುಗಳು ಯಾರಿಗೂ ಕಾಣುವುದಿಲ್ಲ. ಚುಕ್ಕಿಯಮ್ಮ ಸುಮ್ಮನಿದ್ದರೆ ಪ್ರಪಂಚವೂ ಸುಮ್ಮನಿರುತ್ತಿತ್ತು.

ಮೊದಲು ಹೇಳಿದ್ದು ಸಂಸ್ಥೆಯ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಅವರಿಗೆ. ಒಳ್ಳೆಯವರೇ, ಆದರೆ ಆ ನಾಲ್ಕು ದಿನ ತಲೆ ಕೆರೆದುಕೊಳ್ಳಲೂ ಅವರಿಗೆ ಬಿಡುವಿರಲಿಲ್ಲ. "ಅಮ್ಮ, ಅತಿಥಿಗಳಿದಾರೆ. ಇದೊಂದು ಕಳೀಲಿ, ಆಮೇಲೆ ನೋಡೋಣ. ನೀವೂ ಇನ್ನೇನು ರಿಟೈರ್ ಆಗೋರು, ಯಾಕೆ ಮೈಮೇಲೆ ಎಳ್ಕೋತೀರಿ?" ಎಂದರು.

ಸಂಜೆ ಚಹಾ ಕುಡಿಯುತ್ತ ಗಂಡನಿಗೆ ಹೇಳಿದರು. ಗಂಡ ಲಿಫ್ಟ್ ರಿಪೇರಿಯವರು, ಎಲ್ಲವನ್ನೂ ಲಿಫ್ಟಿನ ಲೆಕ್ಕದಲ್ಲೇ ನೋಡುವವರು. "ನನ್ನ ಕೆಲಸದಲ್ಲಿ ತಪ್ಪಾದ್ರೆ ಜನ ಅರ್ಧದಲ್ಲಿ ಸಿಕ್ಕಾಕ್ಕೊಳ್ತಾರೆ. ನಿನ್ನ ಕೆಲಸದಲ್ಲಿ ತಪ್ಪಾದ್ರೆ ಯಾರು ಸಿಕ್ಕಾಕ್ಕೊಳ್ತಾರೆ ಹೇಳು."

"ಆಯಮ್ಮ ಸಿಕ್ಕಾಕ್ಕೊಂಡಿದಾರಲ್ಲ. ಒಂಬತ್ತು ವರ್ಷದಿಂದ."

ಗಂಡ ಲೋಟ ಕೆಳಗಿಟ್ಟರು. "ಹಾಗಾದ್ರೆ ಬಾಗಿಲು ತೆಗೀಬೇಕಾಗತ್ತೆ" ಎಂದಷ್ಟೇ ಹೇಳಿದರು.

ಮೂರನೇ ದಿನ ಬೆಳಗ್ಗೆ ಎಂಟೂವರೆ. ಚುಕ್ಕಿಯಮ್ಮ ಕೇಳಿಕೊಂಡಿದ್ದರಿಂದ, ಮಡಕೆಗಳನ್ನು ಜೋಡಿಸುವ ಕೋಣೆಗೆ ಸಮ್ಮೇಳನದ ದುಭಾಷಿ ಹೆಂಗಸು ಪ್ರೊಫೆಸರಮ್ಮನನ್ನು ಕರೆತಂದರು. ಕತ್ತರಿಸಿದ ಬಿಳಿಗೂದಲು, ಸವೆದ ಬೂಟು, ಕಂಕುಳಲ್ಲಿ ಅದೇ ಹಳೆಯ ಪುಸ್ತಕ. ಯಾರನ್ನು ನೋಡಲು ಬಂದಿದ್ದೇನೆಂದು ಅವರಿಗೆ ದಾರಿಯಲ್ಲೇ ತಿಳಿದಿತ್ತು. ಬಂದವರೇ ಚುಕ್ಕಿಯಮ್ಮನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದರು. ದುಭಾಷಿ ನಗುತ್ತ ಒಪ್ಪಿಸಿದರು: "ಇದನ್ನ ಬರೆದೋರು ನೀವೇನಾ ಅಂತ ಕೇಳ್ತಿದಾರೆ. ಒಂಬತ್ತು ವರ್ಷದಿಂದ ದಿನಾ ನೋಡ್ತಿದಾರಂತೆ. ಇಷ್ಟು ಒಳ್ಳೇ ಚಿತ್ರ ಇನ್ನೊಂದು ಕಂಡಿಲ್ವಂತೆ."

ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ವಾಂಸರ ಬಾಯಿಂದ ಬಂದ ಮೊದಲ ಹೊಗಳಿಕೆ, ಅದೂ ತಪ್ಪಿದ ಚಿತ್ರಕ್ಕೆ. ಚುಕ್ಕಿಯಮ್ಮನ ಕಣ್ಣು ತುಂಬಿತು. ಆ ಕ್ಷಣ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿಬಿಡೋಣ ಅನ್ನಿಸಿದ್ದು ನಿಜ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ.

ಆದರೂ ದೀಪ ಆರಿಸಿದರು. ಟಾರ್ಚನ್ನು ಮಡಕೆಯ ಪಕ್ಕಕ್ಕೆ, ಮೇಜಿನ ಮಟ್ಟಕ್ಕೆ ಹಿಡಿದರು. ಗುರುತುಗಳು ಒಂದೊಂದಾಗಿ ಎದ್ದವು, ಎಲ್ಲ ಬಲಕ್ಕೆ. ಪ್ರೊಫೆಸರಮ್ಮ ಬಗ್ಗಿದರು. ಪುಸ್ತಕ ತೆರೆದರು, ಮತ್ತೆ ಬಗ್ಗಿದರು. ತಾವೇ ಟಾರ್ಚು ತೆಗೆದುಕೊಂಡು ಮಡಕೆಯನ್ನು ಸುತ್ತ ನೋಡಿದರು. ಆಮೇಲೆ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. ಚುಕ್ಕಿಯಮ್ಮ ಜ್ವರ, ಜೇಡಿ, ಅಡುಗೆಮನೆ ಎಲ್ಲವನ್ನೂ ಹೇಳಿದರು. ದುಭಾಷಿ ಈಗ ನಗುತ್ತಿರಲಿಲ್ಲ.

ಪ್ರೊಫೆಸರಮ್ಮ ಪುಸ್ತಕ ಮುಚ್ಚಿದರು. "ಸಮುದ್ರ ದಾಟಿದ ಆ ಹೆಂಗಸಿನ ಜೊತೆ ನಾನು ಮನಸ್ಸಿನಲ್ಲೇ ಮಾತಾಡ್ತಿದ್ದೆ" ಎಂದರು. "ಅವಳ ಮೇಲೆ ಮೂರು ಜನ ವಿದ್ಯಾರ್ಥಿಗಳು ಪಿಎಚ್‌ಡಿ ಮಾಡಿದಾರೆ." ಆಮೇಲೆ ಕೇಳಿದರು: "ಇವತ್ತೇ ಯಾಕೆ ಹೇಳಿದ್ರಿ?"

"ಹೊಸ ಪುಸ್ತಕಕ್ಕೆ ಇದನ್ನ ಮತ್ತೆ ಬರೀಬೇಕು. ನಿನ್ನೆಯಿಂದ ಪೆನ್ನು ಹಿಡ್ಕೊಂಡು ಕೂತಿದೀನಿ" ಎಂದರು ಚುಕ್ಕಿಯಮ್ಮ. "ಯಾವ ಕಡೆಗೆ ವಾಲಿಸಿ ಬರೀಲಿ, ನೀವೇ ಹೇಳಿ."

ಹನ್ನೊಂದು ಗಂಟೆಗೆ ಪ್ರೊಫೆಸರಮ್ಮ ವೇದಿಕೆ ಹತ್ತಿದರು. ಸಿದ್ಧಮಾಡಿಕೊಂಡು ಬಂದ ಉಪನ್ಯಾಸ ಓದಲಿಲ್ಲ. ತಮ್ಮ ವಾದದ ಮುಖ್ಯ ಸಾಕ್ಷಿ ಇವತ್ತು ಬೆಳಗ್ಗೆ ಇಲ್ಲವಾಯಿತು, ಮಡಕೆ ನೋಡದೆ ಚಿತ್ರವನ್ನೇ ನಂಬಿದ್ದು ತಮ್ಮದೂ ತಪ್ಪು ಎಂದು ಐದು ನಿಮಿಷದಲ್ಲಿ ಹೇಳಿ ಇಳಿದರು. ಸಭಾಂಗಣದಲ್ಲಿ ಗದ್ದಲವೆದ್ದಿತಂತೆ. ಚುಕ್ಕಿಯಮ್ಮ ಅದನ್ನು ಕೇಳಲಿಲ್ಲ. ಅವರು ಎರಡನೇ ಮಹಡಿಯಲ್ಲಿ, ಬಲಕ್ಕೆ ವಾಲಿದ ಗುರುತುಗಳಿಗೆ ಚುಕ್ಕಿ ಇಡುತ್ತಿದ್ದರು.

ಇದೆಲ್ಲ ನಡೆದು ಆರು ವಾರವಾಗಿದೆ. ವಿದ್ವಾಂಸರು ಹೋದರು, ಮಡಕೆಗಳೂ ಹೋದವು. "ಮನಸ್ಸು ಹಗುರ ಆಯ್ತಾ ಅಂತ ಎಲ್ರೂ ಕೇಳ್ತಾರೆ. ಹಗುರ ಏನಿಲ್ಲ, ಸುಸ್ತಾಗಿದೆ" ಎನ್ನುತ್ತಾರೆ ಅವರು. ಜೇಡಿಯ ಅಚ್ಚು ನೋಡಿ ಬರೆದ ಚಿತ್ರಗಳು ಇನ್ನೂ ಎಷ್ಟಿವೆ ಎಂದು ಹಳೆಯ ದಿನಚರಿಗಳನ್ನು ಜಾಲಾಡಿದ್ದಾರೆ: ಮೂವತ್ತೆಂಟು. ಬೆಳಗಿನ ಹೊತ್ತಿನಲ್ಲಿ ಒಂದೊಂದನ್ನೇ ಮಡಕೆಯ ಜೊತೆ, ಮಡಕೆ ಇಲ್ಲದ ಕಡೆ ಫೋಟೋ ತರಿಸಿಕೊಂಡು ತಾಳೆ ನೋಡುತ್ತಿದ್ದಾರೆ. ಇಪ್ಪತ್ತಾರು ಆಗಿವೆ, ಎಲ್ಲ ಸರಿಯಾಗಿವೆ. ಉಳಿದ ಹನ್ನೆರಡು ನಿವೃತ್ತಿಯೊಳಗೆ ಮುಗಿದರೆ ಸಾಕು, ಬೀಳ್ಕೊಡುಗೆಯ ಶಾಲು ಸಿಕ್ಕದಿದ್ದರೂ ಅಡ್ಡಿಯಿಲ್ಲ.

ಇಷ್ಟು ಹೇಳುವಾಗ ಕ್ಯುರೇಟರ್ ಒಂದು ಹಾಳೆ ಹಿಡಿದು ಬರುತ್ತಾರೆ. ಹಳೆಯ ಪುಸ್ತಕ ಇರುವ ಗ್ರಂಥಾಲಯಗಳಿಗೆಲ್ಲ ಹೋಗಬೇಕಾದ ತಿದ್ದುಪಡಿ ಚೀಟಿಯ ಕರಡು ಅದು. ಪುಟದ ಸಂಖ್ಯೆ, ಮಡಕೆಯ ಸಂಖ್ಯೆ, ಗುರುತು ವಾಲಬೇಕಾದ ದಿಕ್ಕು ಎಲ್ಲ ಇದೆ. ಕೊನೆಯಲ್ಲಿ ಒಂದು ಜಾಗ ಖಾಲಿ.

"ಚಿತ್ರ ಬರೆದೋರ ಹೆಸರು ಹಾಕ್ಲೇಬೇಕು ಅಂತ ಆ ಪ್ರೊಫೆಸರ್ ಕಾಗದ ಬರ್ದಿದಾರೆ" ಎನ್ನುತ್ತಾರೆ ಕ್ಯುರೇಟರ್, ದನಿ ತಗ್ಗಿಸಿ. "ಮೊದಲ ಸಲ ಅಚ್ಚಾಗೋದು ತಪ್ಪಿನ ಚೀಟಿಯಲ್ಲಿ ಬೇಡ ಅಮ್ಮ. 'ಸಂಸ್ಥೆಯ ಪ್ರಮಾದ' ಅಂತ ಹಾಕಿ ಮುಗಿಸ್ತೀನಿ."

ಚುಕ್ಕಿಯಮ್ಮ ಭೂತಗನ್ನಡಿ ಕೆಳಗಿಟ್ಟು, ಹಾಳೆಯನ್ನು ಕಣ್ಣಿನ ಹತ್ತಿರ ತಂದು ಪೂರ್ತಿ ಓದುತ್ತಾರೆ.

"ಹಾಕಿ" ಎನ್ನುತ್ತಾರೆ. "ಹನ್ನೊಂದು ಸಾವಿರ ಸರಿಯಾಗಿ ಬರ್ದಾಗ ಬರೆದೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಈಗ ಕೇಳಿದಾರೆ, ಹೇಳ್ಬಿಡಿ."