ಎತ್ಕೊಂಡ್ ಬಂದ ವಿಮಾನ

ನನಗೆ ಅನುಮಾನ ಜಾಸ್ತಿ. ಬೇರೆಯವರು ಹೀಗೆಂದರೆ ಜಗಳಕ್ಕೆ ನಿಲ್ಲುತ್ತೇನೆ, ನಾನೇ ಹೇಳಿಕೊಂಡರೆ ಪರವಾಗಿಲ್ಲ. ರೇಷ್ಮೆ ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಹುತ್ತೂರಿನ ಹತ್ತಿರ ನಮ್ಮ ಹಿಪ್ಪುನೇರಳೆ ತೋಟ, ಅದಕ್ಕೆ ಅಂಟಿಕೊಂಡೇ ಇನ್ನೊಬ್ಬರ ಟೊಮೇಟೊ. ಅವರು ಔಷಧಿ ಹೊಡೆದ ದಿನ ಗಾಳಿ ಯಾವ ಕಡೆ ಬೀಸಿತೋ ಯಾರಿಗೆ ಗೊತ್ತು? ಸೊಪ್ಪು ಕಿತ್ತು ತಂದರೆ ಮೊದಲು ಮೂಸಿ ನೋಡುತ್ತೇನೆ. ಆಮೇಲೆ ನಾಲ್ಕು ಹುಳುಗಳಿಗೆ ಮಾತ್ರ ಹಾಕಿ, ಒದ್ದಾಡುತ್ತವೋ ಸುಮ್ಮನೆ ಮೇಯುತ್ತವೋ ಎಂದು ಕಾದು ಕೂರುತ್ತೇನೆ. ಹೀಗೆ ಕಂಡದ್ದನ್ನೆಲ್ಲ ಮೂಸುವುದು ನನಗೆ ಅಭ್ಯಾಸವಾಗಿ ಹೋಯಿತು. ಹಾಲಿನವನನ್ನು ಬಿಡಲಿಲ್ಲ, ನೆಂಟರನ್ನು ಬಿಡಲಿಲ್ಲ, ಕೊನೆಗೆ ಹೆತ್ತ ಮಗಳನ್ನೂ ಬಿಡಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಮಗಳು ಆಗ ಕೋಲಾರದ ಸ್ಕೂಲಿನಲ್ಲಿ ಏಳನೇ ಕ್ಲಾಸು. ಅವಳಿಗೆ ವಿಮಾನದ ಹುಚ್ಚು. ಪೇಪರಿನಲ್ಲಿ ವಿಮಾನದ ಚಿತ್ರ ಬಂದರೆ ಸಾಕು, ನಾವು ಓದುವುದಕ್ಕೆ ಮೊದಲೇ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಬಿಡುತ್ತಿದ್ದಳು. ಅನ್ನ ಉಂಡ ಕೈಯಲ್ಲಿ ಆ ನೋಟ್‌ಬುಕ್ ಮುಟ್ಟಿದರೆ ನಮಗೇ ಗದರುತ್ತಿದ್ದಳು. ಅದರಲ್ಲಿ ಅನುಮಾನ ಪಡುವುದಕ್ಕೆ ನನಗೂ ಏನೂ ಸಿಕ್ಕಿರಲಿಲ್ಲ.

ಆ ಭಾನುವಾರ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಅವು ಮೇಯುವುದಿಲ್ಲ, ನಮಗೆ ಸೊಪ್ಪು ಹೊರುವ ಕೆಲಸವೂ ಇಲ್ಲ. ಕೈ ಖಾಲಿ ಇದ್ದರೆ ನಾನು ಮನೆ ಕೆದಕಲು ಶುರು ಮಾಡುತ್ತೇನೆ. ಮಗಳ ಬಟ್ಟೆ ಮಡಿಸಿ ಬೀರುವಿನಲ್ಲಿ ಇಡಲು ಹೋದಾಗ ಅವಳ ಸ್ವೆಟರಿನೊಳಗೆ ಸುತ್ತಿಟ್ಟ ಗಟ್ಟಿ ವಸ್ತುವೊಂದು ಕೈಗೆ ಸಿಕ್ಕಿತು.

ಬಿಚ್ಚಿದರೆ ವಿಮಾನ. ಅಂಗೈಗಿಂತ ಸ್ವಲ್ಪ ದೊಡ್ಡದು. ಪ್ಲಾಸ್ಟಿಕ್ ಇರಬೇಕೆಂದು ಎತ್ತಿದೆ. ತೂಕದ ಕಲ್ಲಿನ ಹಾಗೆ ಭಾರವಾಗಿತ್ತು. ಪೂರ್ತಿ ಲೋಹದ ಎರಕ. ಮೈಮೇಲೆ ಪಾಚಿ ಬಣ್ಣ, ಮಣ್ಣಿನ ಬಣ್ಣದ ಪಟ್ಟೆ, ರೆಕ್ಕೆಯ ಮೇಲೆ ಒಂದರೊಳಗೊಂದು ವೃತ್ತ. ಮೂತಿಯ ಫ್ಯಾನನ್ನು ಊದಿದರೆ ತಿರುಗುತ್ತಿತ್ತು. ಪಾರದರ್ಶಕ ಮುಚ್ಚಳದೊಳಗೆ ಕಡಲೆಕಾಳಿಗಿಂತ ಚಿಕ್ಕದಾಗಿ ಪೈಲಟ್ ಕೂತಿದ್ದ. ಎರಡನೇ ಮಹಾಯುದ್ಧದಲ್ಲಿ ಹಾರಿದ ಫೈಟರ್‌ನ ಮಾದರಿ ಎಂದು ಆಮೇಲೆ ತಿಳಿಯಿತು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕುವ ಆಟದ ಸಾಮಾನಲ್ಲ ಎಂಬುದು ಮಾತ್ರ ಆಗಲೇ ಗೊತ್ತಾಯಿತು. ನಾವಂತೂ ಕೊಡಿಸಿದ್ದಲ್ಲ. ಹನ್ನೆರಡು ವರ್ಷದ ಹುಡುಗಿಗೆ ಇಂಥದ್ದನ್ನು ಯಾರು ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ? ಯಾರೋ ಕೊಟ್ಟಿದ್ದೇ ಆದರೆ ಸ್ವೆಟರಿನಲ್ಲಿ ಸುತ್ತಿಡುವ ಸಂಕಟ ಏನು? ವಿಮಾನವನ್ನೂ ಮೂಸಿ ನೋಡಿದೆ. ಪೇಂಟಿನ ವಾಸನೆ ಇತ್ತು ಅಷ್ಟೆ.

ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದವಳನ್ನು ಕೂಗಿದೆ. ಒಳಗೆ ಬಂದವಳು ನನ್ನ ಕೈ ನೋಡಿ ಬೆಚ್ಚಿದಳು.

"ಅಮ್ಮಾ, ರೆಕ್ಕೆ ಹಿಡ್ಕೋಬೇಡ!"

"ಎಲ್ಲಿಂದ ಬಂತೇ ಇದು?"

"ಸ್ಕೂಲಿಂದ ಎತ್ಕೊಂಡ್ ಬಂದೆ."

ನನ್ನ ತವರು ಶ್ರೀನಿವಾಸಪುರದ ಆಚೆ, ಮನೆಮಾತು ತೆಲುಗು. ನಮ್ಮಮ್ಮನ ಬಾಯಲ್ಲಿ ಎತ್ತಿಕೊಂಡು ಬರುವುದು, ಎತ್ತಿಕೊಂಡು ಹೋಗುವುದು ಎಂದರೆ ಲಪಟಾಯಿಸುವುದು. ಕೋಳಿ ಕದ್ದವನಿಗೆ, ಬೋರಿನ ಕೇಬಲ್ ಕದ್ದವನಿಗೆ ಅವಳು ಶಾಪ ಹಾಕುತ್ತಿದ್ದದ್ದು ಅದೇ ಮಾತಿನಲ್ಲಿ. ಮದುವೆಯಾದಾಗಿನಿಂದ ಕನ್ನಡದಲ್ಲೇ ಸಂಸಾರ ಮಾಡಿದ್ದೇನೆ, ನಿಜ. ಆದರೆ ಸಿಟ್ಟು ಬಂದರೆ ನನ್ನ ಕಿವಿ, ಬಾಯಿ ಎರಡೂ ತೆಲುಗಿಗೆ ತಿರುಗಿಬಿಡುತ್ತವೆ.

"ಎತ್ತುಕೊಚ್ಚಿನಾವಾ?" ಎಂದೆ.

ಮಗಳಿಗೆ ತೆಲುಗು ಅರ್ಧಂಬರ್ಧ ಬರುತ್ತದೆ. "ಹ್ಞೂಂ" ಎಂದಳು, ಏನೂ ಆಗಿಲ್ಲವೇನೋ ಎಂಬ ಹಾಗೆ.

ಆ "ಹ್ಞೂಂ" ಕೇಳಿ ನನಗೆ ಮೈಯೆಲ್ಲ ಉರಿಯಿತು. ಬೆನ್ನಿಗೆ ಒಂದು ಬಿಟ್ಟೆ. ಯಾರದ್ದು ಎಂದು ಕೇಳಿದರೆ, "ನಮ್ ಮಿಸ್‌ದು. ಅವ್ರಿಗೆ ಗೊತ್ತು" ಎಂದು ಅಳತೊಡಗಿದಳು. ಏಟು ಬಿದ್ದ ಮೇಲೆ ಹುಟ್ಟಿದ ಕಥೆ ಎಂದುಕೊಂಡೆ. ಮಿಸ್‌ಗೆ ಗೊತ್ತಿದ್ದರೆ ಬಚ್ಚಿಟ್ಟಿದ್ದು ಯಾಕೆ ಎಂದೆ. "ಬಚ್ಚಿಟ್ಟಿಲ್ಲಮ್ಮ, ಕೆಳಗೆ ಬಿದ್ರೆ ಮುರಿಯತ್ತೆ ಅಂತ ಮೆತ್ತಗೆ ಸುತ್ತಿಟ್ಟೆ" ಎಂದಳು. ಉತ್ತರ ಇಷ್ಟು ಸಲೀಸಾಗಿ ಬಂದದ್ದೇ ನನಗೆ ಇನ್ನೊಂದು ಸಾಕ್ಷಿಯಾಯಿತು.

ನನ್ನ ಗಂಡನಿಗೆ ಮಾತು ಕಮ್ಮಿ. "ಮಿಸ್‌ಗೆ ಒಂದು ಫೋನ್ ಮಾಡಿ ಕೇಳ್ಬಾರ್ದೇನೇ?" ಎಂದರು.

"ಕಳ್ಳಿಯ ಅಮ್ಮ ಮಾತಾಡ್ತಿದ್ದೀನಿ ಅಂತ ಫೋನಲ್ಲಿ ಹೇಳ್ಲಾ? ನಾಳೆ ನಾನೇ ಹೋಗಿ ಕೊಟ್ ಬರ್ತೀನಿ" ಎಂದೆ.

ಆ ದಿನವೆಲ್ಲ ನನ್ನ ತಲೆ ಹಳೆಯದನ್ನು ತೋಡಿ ತೋಡಿ ಹೊರಗೆ ಹಾಕಿತು. ಹೋದ ತಿಂಗಳು ಅವಳ ಡಬ್ಬಿಯಲ್ಲಿದ್ದ ಹೊಸ ಪೆನ್ನು ಯಾರದ್ದು? ಬಸ್ ತಪ್ಪಿತೆಂದು ತಡವಾಗಿ ಬಂದ ಶನಿವಾರ ನಿಜವಾಗಿಯೂ ಬಸ್ ತಪ್ಪಿತ್ತೇ? ಮಗಳು ಊಟ ಮಾಡಲಿಲ್ಲ. ಅದನ್ನೂ ನಾಟಕದ ಲೆಕ್ಕಕ್ಕೇ ಸೇರಿಸಿದೆ.

ಸೋಮವಾರ ಬೆಳಿಗ್ಗೆ ವಿಮಾನವನ್ನು ಟವೆಲಿನಲ್ಲಿ ಸುತ್ತಿ, ಅವಳ ಜೊತೆ ಕೋಲಾರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಾ ಕೂತಳು. ಸ್ಕೂಲಿನ ಗೇಟಿನಲ್ಲಿ ಮಾತ್ರ ನನ್ನ ಸೆರಗು ಹಿಡಿದು, "ಕ್ಲಾಸಲ್ಲಿ ಬೇಡಮ್ಮ, ಸ್ಟಾಫ್ ರೂಮಲ್ಲಿ ಮಾತಾಡು" ಎಂದಳು. ನಾನು ನಿಲ್ಲಲಿಲ್ಲ. ಎಲ್ಲರೆದುರು ಆದರೇನೇ ಬುದ್ಧಿ ಬರುವುದು ಎಂದುಕೊಂಡೆ.

ಕ್ಲಾಸಿನಲ್ಲಿ ಹುಡುಗ ಹುಡುಗಿಯರು ಬಂದು ಕೂತಾಗಿತ್ತು, ಮಿಸ್ ಹಾಜರಿ ಕರೆಯುತ್ತಿದ್ದರು. ಬಾಗಿಲಲ್ಲೇ ನಿಂತು ಟವೆಲು ಬಿಚ್ಚಿದೆ. "ಮೇಡಂ, ನಮ್ಮ ಹುಡುಗಿ ಇದನ್ನ ಕದ್ದುಕೊಂಡು ಬಂದಿದ್ದಾಳೆ. ತಗೊಳ್ಳಿ. ಏನ್ ಶಿಕ್ಷೆ ಕೊಡ್ತೀರೋ ಕೊಡಿ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಆ ಮಿಸ್ ನನಗಿಂತ ಚಿಕ್ಕವರು. ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದರು. ಆಮೇಲೆ ಮುಂದಿನ ಬೆಂಚಿನ ಹುಡುಗಿಗೆ, "ಆ ಕಪಾಟಲ್ಲಿ ಕೆಂಪು ಪುಸ್ತಕ ಇದೆ, ಎತ್ಕೊಂಡ್ ಬಾಮ್ಮ" ಎಂದರು.

ಎತ್ಕೊಂಡ್ ಬಾ. ತರುವುದಕ್ಕೆ ಇಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ. ನನ್ನ ಗಂಡ ದಿನಾ ಅನ್ನುತ್ತಾರೆ. ಸೊಪ್ಪು ಎತ್ಕೊಂಡ್ ಬಾ, ನೀರು ಎತ್ಕೊಂಡ್ ಬಾ ಎಂದು ನಾನೇ ಎಷ್ಟು ಸಲ ಮಗಳಿಗೆ ಹೇಳಿಲ್ಲ!

ಕ್ಲಾಸಿನಿಂದ ಯಾರು ಏನು ಮನೆಗೆ ಒಯ್ದರೆಂದು ಬರೆದಿಡುವ ಪುಸ್ತಕ ಅದು. ವಿಮಾನ, ಬುಧವಾರದವರೆಗೆ ಎಂದು ಬರೆದ ಸಾಲಿನಲ್ಲಿ ಮಗಳ ಸಹಿ ಇತ್ತು, ಪಕ್ಕದಲ್ಲಿ ಮಿಸ್ ಸಹಿ. ಚಿಕ್ಕಂದಿನಿಂದ ಇಂಥ ವಿಮಾನ ಕೂಡಿಡುವ ಹವ್ಯಾಸವಂತೆ ಅವರಿಗೆ. ಆಸೆ ಇರುವ ಮಕ್ಕಳಿಗೆ ಶುಕ್ರವಾರ ತೋರಿಸುತ್ತಿದ್ದರಂತೆ. "ಇದುವರೆಗೂ ವಿಮಾನ ಯಾರಿಗೂ ಮನೆಗೆ ಕೊಟ್ಟಿರಲಿಲ್ಲ ಅಮ್ಮ" ಎಂದರು ಮೆಲ್ಲಗೆ. "ಇವಳು ಮುಟ್ಟೋ ರೀತಿ ನೋಡಿ ಕೊಟ್ಟೆ. ಇಷ್ಟು ನಯ ಎಲ್ಲಿ ಕಲ್ತೆ ಅಂದ್ರೆ, ಮರಿ ಹುಳೂನ ಕೋಳಿ ಪುಕ್ಕದಲ್ಲಿ ಎತ್ತೋದು ನಮ್ಮಮ್ಮ ಹೇಳಿಕೊಟ್ಟಿದ್ದಾಳೆ ಅಂದ್ಲು."

ನಾಚಿಕೆಯಿಂದ ಸತ್ತೇ ಹೋದೆ. ಆದರೂ ಅಷ್ಟು ಮಕ್ಕಳ ಮುಂದೆ ಕದ್ದಳು ಎನ್ನಲು ಎದ್ದ ನಾಲಿಗೆ, ತಪ್ಪಾಯಿತು ಎನ್ನಲು ಏಳಲಿಲ್ಲ. ಬುಧವಾರದವರೆಗೆ ನೀನೇ ಇಟ್ಟುಕೋ ಎಂದು ಮಿಸ್ ವಿಮಾನವನ್ನು ಮಗಳ ಕಡೆ ಚಾಚಿದರು. "ಬೇಡ ಮಿಸ್" ಎಂದಳು. ಕೈ ಹಿಂದೆ ಕಟ್ಟಿಕೊಂಡಿದ್ದಳು.

ಸಂಜೆ ಅವಳ ಪಕ್ಕ ಕೂತು, "ತಪ್ಪಾಯ್ತು ಕಣೇ" ಎಂದೆ. "ಪರವಾಗಿಲ್ಲ ಬಿಡಮ್ಮ" ಎಂದಳು. ಇಷ್ಟಕ್ಕೆ ಮುಗಿಯಿತೆಂದು ನೆಮ್ಮದಿಯಾಗಿ ಮಲಗಿದೆ.

ಮರುದಿನ ಸ್ಕೂಲಿನಿಂದ ಬಂದವಳು ಕೈಕಾಲು ತೊಳೆಯುವ ಮೊದಲೇ ನನ್ನೆದುರು ಕೂತು ಬ್ಯಾಗನ್ನು ನೆಲಕ್ಕೆ ಸುರಿದಳು. "ಇದು ಲೈಬ್ರರಿ ಪುಸ್ತಕ, ಕೇಳಿ ತಂದಿದ್ದು. ಈ ಸ್ಕೇಲು ಪಕ್ಕದವಳದು, ನಾಳೆ ವಾಪಸ್ ಕೊಡ್ಬೇಕು. ಮಿಕ್ಕಿದ್ದೆಲ್ಲ ನಂದೇ" ಎಂದಳು. ಮುಖದಲ್ಲಿ ಸಿಟ್ಟೂ ಇಲ್ಲ, ಅಳುವೂ ಇಲ್ಲ. ನಾನು ನೋಡುವುದಿಲ್ಲ, ಎತ್ತಿಡು ಎಂದೆ. ನೋಡುವವರೆಗೂ ಎತ್ತಿಡಲಿಲ್ಲ.

ಈಗ ಹತ್ತನೇ ಕ್ಲಾಸು, ಒಂದು ದಿನವೂ ತಪ್ಪಿಸಿಲ್ಲ. ಬೇಡ ಎಂದು ಬೈದಿದ್ದೇನೆ, ಕೈ ಮುಗಿದಿದ್ದೇನೆ. ಇವತ್ತು ಸಂಜೆಯೂ ಬ್ಯಾಗು ಸುರಿದಳು. ನಾನು ಮುಖ ತಿರುಗಿಸಿಕೊಂಡೆ.

"ಈಗ್ಲೇ ನೋಡ್ಬಿಡಮ್ಮ" ಎಂದಳು. "ಆಮೇಲೆ ಸ್ಕೂಲಿಗೆ ಬರೋದು ಬೇಡ."